ನಾಲ್ಕು ದಿನದ ಘಾಟು

ಬ್ಯಾಡಗಿಯಲ್ಲಿ ಕೆಮ್ಮಿದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಜನವರಿಯಿಂದ ಬೇಸಿಗೆ ಮುಗಿಯುವ ತನಕ ಮೆಣಸಿನಕಾಯಿ ಪೇಟೆಯ ಘಾಟು ಊರಿನ ಮೇಲೆ ಕೂತಿರುತ್ತದೆ. ಬಸ್ಸಿನಿಂದ ಇಳಿದ ಹೊಸಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಸೀನುತ್ತ ಹೋಗುವುದನ್ನು ನೋಡಿ ನಾವು ನಗುತ್ತೇವೆ. ನಮಗೂ ಕೆಮ್ಮು ಬರುತ್ತದೆ, ಆದರೆ ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮದುವೆಮನೆಯಲ್ಲೋ ಗುಡಿಯ ಮಂಗಳಾರತಿಯ ನಡುವೆಯೋ ಯಾರಾದರೂ ಕೆಮ್ಮಿದರೆ ಪಕ್ಕದವರು 'ಘಾಟು' ಎನ್ನುತ್ತಾರೆ, ಕೆಮ್ಮಿದವರು ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು.

ಎರಡನೇ ಅಲೆಯ ಆ ಏಪ್ರಿಲ್‌ನಲ್ಲಿ ಅಕ್ಕ ಕೆಮ್ಮಿದಾಗ ನಾನೂ ಅದನ್ನೇ ಹೇಳಿದೆ.

ನಾನು ಹಾವೇರಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಏಳನೇ ತರಗತಿಗೆ ಶಾಲೆ ಬಿಟ್ಟು ಅವ್ವನ ಜೊತೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂತವಳು. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದಳು. ಅವ್ವ ಹೋದ ಮೇಲೆ ನನ್ನನ್ನು ಓದಿಸಿದವಳು ಅವಳೇ. ಪೇಟೆಯ ಹಿಂದಿನ ಓಣಿಯಲ್ಲಿ ಅವಳದೊಂದು ತಗಡಿನ ಶೆಡ್ಡು ಇದೆ. ವ್ಯಾಪಾರಿಗಳು ಅಲ್ಲಿಗೆ ಕಾಯಿಯ ಚೀಲ ಕಳಿಸುತ್ತಾರೆ. ಮೂವತ್ತು ಹೆಂಗಸರು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸಿ ಕೊಡುತ್ತಾರೆ. ಮಾಲಕಿಯಾದರೂ ಅಕ್ಕ ಕುರ್ಚಿಯ ಮೇಲೆ ಕೂತಿದ್ದನ್ನು ನಾನು ಆಗ ನೋಡಿರಲಿಲ್ಲ. ಅವಳೂ ರಾಶಿಯ ಬದಿಗೆ ಕಾಲು ಚಾಚಿ ಕೂರುತ್ತಿದ್ದಳು. ಮಾತಿನಲ್ಲೂ ಕೈಯಲ್ಲೂ ಅವಳನ್ನು ಮೀರಿಸುವವರು ಅಲ್ಲಿ ಇರಲಿಲ್ಲ.

ಮನೆಯಲ್ಲಿ ನಾವಿಬ್ಬರೇ. ಯಾರ ಕೆಲಸ ಯಾವುದೆಂಬುದು ಬಹಳ ಹಿಂದೆಯೇ ತೀರ್ಮಾನವಾಗಿತ್ತು. ಊರು, ಜನ, ಪೇಟೆ ಅವಳದು; ಓದುವುದು, ಬರೆಯುವುದು, ಔಷಧದ ಚೀಟಿ ನನ್ನದು. ಶೆಡ್ಡಿನ ಹೆಂಗಸರಿಗೆ ಜ್ವರ ಬಂದರೂ ಅವರ ಮಕ್ಕಳ ಮೈಮೇಲೆ ಗುಳ್ಳೆ ಎದ್ದರೂ ಮೊದಲು ನನ್ನ ಹತ್ತಿರ ಬರುತ್ತಿದ್ದರು. "ನಮ್ ತಂಗಿ ಹೇಳಿದ್ಲಂದ್ರ ಆತು, ಡಾಕ್ಟರ್ ಯಾಕ ಬೇಕು" ಎಂದು ಅಕ್ಕ ಅವರನ್ನು ಕರೆದುಕೊಂಡು ಬರುತ್ತಿದ್ದಳು. ನಾನು ಡಾಕ್ಟರಲ್ಲ, ಕಪ್ಪೆ ಕೊಯ್ದು ತೋರಿಸುವವಳು ಎಂದು ಹೇಳಿದರೆ ಎಲ್ಲರೂ ನಗುತ್ತಿದ್ದರು. ಆ ನಗು ನನಗೆ ಹಿತವಾಗಿತ್ತು ಎಂಬುದನ್ನೂ ಇಲ್ಲಿ ಬರೆದಿಡಬೇಕು.

ಮೊದಲ ದಿನ ಒಣ ಕೆಮ್ಮು. ಕಾಲೇಜು ಮುಚ್ಚಿತ್ತು. ನಾನು ಮಹಡಿಯ ಕೋಣೆಯಲ್ಲಿ ಫೋನಿನ ಮುಂದೆ ಕೂತು ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ಅವಳು ಶೆಡ್ಡಿಗೆ ಹೊರಡುವ ಮುನ್ನ ಕೆಮ್ಮಿದ್ದು ಮೇಲಿನವರೆಗೆ ಕೇಳಿತು.

"ಮೇಡಂ, ನಿಮ್ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?" ಎಂದು ಫೋನಿನ ಆಚೆಯಿಂದ ಒಬ್ಬ ಹುಡುಗಿ ಕೇಳಿದಳು.

"ಅದು ಬ್ಯಾಡಗಿ ಘಾಟವಾ," ಎಂದೆ. ಎಲ್ಲರೂ ನಕ್ಕರು.

ಎರಡನೇ ದಿನ ಅವಳ ಮೈ ಬೆಚ್ಚಗಿತ್ತು. ತಗಡಿನ ಕೆಳಗೆ, ಏಪ್ರಿಲ್ ಬಿಸಿಲಿನಲ್ಲಿ ದಿನವಿಡೀ ಕೂತವಳ ಮೈ ತಣ್ಣಗೆ ಇರುತ್ತದೆಯೇ ಎಂದುಕೊಂಡೆ. ಪೇಟೆ ಯಾವ ದಿನ ಬಂದ್ ಆಗುತ್ತದೋ ಎಂಬ ಗಡಿಬಿಡಿಯಲ್ಲಿ ಶೆಡ್ಡಿನ ತುಂಬ ಕಾಯಿ ಬಂದು ಬಿದ್ದಿತ್ತು. ಸಂಜೆ ಕೈಕಾಲು ತೊಳೆದು ಬಂದವಳು ನನ್ನ ಮುಂದೆ ಕೂತು, "ನೋಡವಾ ತಂಗಿ, ಇದು ಅದಲ್ಲಲಾ?" ಎಂದಳು. ನಾನು ಹಣೆ ಮುಟ್ಟಿದೆ, ಗಂಟಲಿಗೆ ಟಾರ್ಚು ಬಿಟ್ಟೆ.

"ಘಾಟ ಐತಿ ಅಕ್ಕಾ. ಗಂಟಲ ಕೆಂಪಗಾಗೇತಿ ಅಷ್ಟ. ಬೆಲ್ಲ ತಿಂದು ನೀರು ಕುಡಿ."

ಅವಳು ಬೆಲ್ಲ ತಿಂದಳು.

ಮೂರನೇ ದಿನ ಊಟಕ್ಕೆ ಕೂತಾಗ, "ಸಾರು ಸಪ್ಪಗೈತಿ, ಉಪ್ಪ ಹಾಕೂದು ಮರತಿ ಏನು?" ಎಂದಳು. ನಾನು ಒಂದು ಚಮಚೆ ಬಾಯಿಗೆ ಹಾಕಿ ನೋಡಿದೆ. ಉಪ್ಪು ಸರಿಯಾಗಿತ್ತು. ಹುಳಿಯೂ ಖಾರವೂ ಸರಿಯಾಗಿದ್ದವು. ರುಚಿ ಹೋಗುವುದು ಏನೆಂಬುದನ್ನು ಅದಕ್ಕೆ ಒಂದು ವಾರ ಮುಂಚೆ ನಾನೇ ವಿದ್ಯಾರ್ಥಿಗಳಿಗೆ ವಿವರಿಸಿದ್ದೆ, ನಾಲಿಗೆಯ ಚಿತ್ರ ಬರೆದು ತೋರಿಸಿದ್ದೆ. ಆದರೂ ನನ್ನ ಬಾಯಿಂದ ಬಂದ ಮಾತು ಇದು: "ಘಾಟು ನಾಲಿಗಿಗೆ ಹತ್ತೇತಿ ತಗೋ." ಎದ್ದು ಅವಳ ಬಟ್ಟಲಿಗೆ ಒಂದು ಚಿಟಿಕೆ ಉಪ್ಪು ಉದುರಿಸಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಅನ್ನ ಕಲಸಿಕೊಂಡಳು.

ಆ ನೋಟ ನನಗೆ ಇನ್ನೂ ಕಾಣುತ್ತದೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಕಾಣುತ್ತದೆ. ಕೈ ಅಲ್ಲಿಗೇ ನಿಲ್ಲುತ್ತದೆ.

ನಾಲ್ಕನೇ ದಿನ ಮೂರು ಮೆಟ್ಟಿಲು ಹತ್ತಿ ಕಟಾಂಜನ ಹಿಡಿದು ನಿಂತಳು. ತುಟಿ ಬಿಳಿಚಿಕೊಂಡಿತ್ತು. ಔಷಧದ ಅಂಗಡಿಯಿಂದ ಬೆರಳಿಗೆ ಸಿಕ್ಕಿಸುವ ಯಂತ್ರ ತಂದು ನೋಡಿದರೆ ಆಕ್ಸಿಜನ್ ತೊಂಬತ್ತೊಂದು. ಊರಿನ ಡಾಕ್ಟರು ಪರೀಕ್ಷೆಗೆ ಬರೆದುಕೊಟ್ಟು, ಫಲಿತಾಂಶಕ್ಕೆ ಕಾಯದೆ ವೈರಸ್‌ಗೆಂದು ಮಾತ್ರೆಯನ್ನೂ ಕೊಟ್ಟರು. ಮೊದಲ ದಿನ ಬೆಳಿಗ್ಗೆ ಒಂದು ಮುಷ್ಟಿ, ರಾತ್ರಿ ಇನ್ನೊಂದು ಮುಷ್ಟಿ, ನಾಳೆಯಿಂದ ಕಡಿಮೆ. "ಇಷ್ಟು ಲಗೂ ಬಂದಿದ್ರ ಛಲೋ ಆಗ್ತಿತ್ತು" ಎಂದು ಅವರು ಬೆರಳಿನಲ್ಲಿ ಎರಡು ದಿನ ತೋರಿಸಿದರು. ಅಕ್ಕ ಅಂಗೈಯಲ್ಲಿ ಮಾತ್ರೆಗಳನ್ನು ಹರವಿಕೊಂಡು, "ಇದೇನಿದು, ಹಕ್ಕಿಗೆ ಕಾಳ ಹಾಕಿದಂಗ" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತು ಕೆಮ್ಮಾಯಿತು.

ಆರನೇ ದಿನ ಮಧ್ಯಾಹ್ನ ಯಂತ್ರದಲ್ಲಿ ಎಂಬತ್ತನಾಲ್ಕು.

ಆಂಬುಲೆನ್ಸಿಗೆ ಫೋನು ಹಚ್ಚಿದೆ. ಎಲ್ಲವೂ ಬೇರೆ ಕಡೆ ಹೋಗಿದ್ದವು. ಕಾರಿದ್ದವರು ಬಾಗಿಲು ತೆರೆಯಲಿಲ್ಲ. ಅವರನ್ನು ನಾನು ದೂರುವುದಿಲ್ಲ, ನಾನಾಗಿದ್ದರೂ ತೆರೆಯುತ್ತಿರಲಿಲ್ಲವೇನೋ. ಕೊನೆಗೆ ಬಂದವನು ಪೇಟೆಯಲ್ಲಿ ಚೀಲ ಸಾಗಿಸುವ ಸಣ್ಣ ಗೂಡ್ಸ್ ಗಾಡಿಯವನು. "ಅಕ್ಕಾರ ಅನ್ನ ಉಂಡೇನ್ರಿ, ಹತ್ತರಿ" ಎಂದ. ಹಿಂದೆ ಗಾದಿ ಹಾಸಿ ಅವಳನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಗಾಡಿ ಹೊರಟ ಮೇಲೆ ನನಗೆ ತಿಳಿಯಿತು.

ಆ ಗಾಡಿ ಬೆಳಿಗ್ಗೆಯಷ್ಟೇ ಕಾಯಿ ಹೊತ್ತಿತ್ತು. ಹಲಗೆಯ ಸಂದುಗಳಲ್ಲಿ ಕೆಂಪು ಪುಡಿ ತುಂಬಿತ್ತು. ಗಾಡಿ ವೇಗ ಹಿಡಿದಂತೆ ಪುಡಿ ಎದ್ದು ನಮ್ಮ ಸುತ್ತ ತಿರುಗತೊಡಗಿತು. ಅಕ್ಕ ಉಸಿರು ಎಳೆದಾಗಲೆಲ್ಲ ಅದು ಒಳಗೆ ಹೋಗುತ್ತಿತ್ತು. ಕೆಮ್ಮಲು ಅವಳಲ್ಲಿ ಉಸಿರಿರಲಿಲ್ಲ. ಎದೆ ಮಾತ್ರ ಎಗರುತ್ತಿತ್ತು, ಸದ್ದಿರಲಿಲ್ಲ. ಕುಡಿಯಲು ತಂದ ಬಾಟಲಿಯ ನೀರನ್ನೆಲ್ಲ ಹಲಗೆಯ ಮೇಲೆ ಸುರಿದೆ. ನನ್ನ ಸೆರಗನ್ನು ಒದ್ದೆ ಮಾಡಿ ಅವಳ ಮುಖದ ಮೇಲೆ ಹಿಡಿದೆ. ಒದ್ದೆ ಬಟ್ಟೆಯಿಂದ ಉಸಿರು ಕಟ್ಟುತ್ತದೆಂದು ತೆಗೆದೆ. ಪುಡಿ ಎದ್ದಿತೆಂದು ಮತ್ತೆ ಹಿಡಿದೆ. ಹಾವೇರಿ ಮುಟ್ಟುವವರೆಗೂ ಇದನ್ನೇ ಮಾಡಿದೆ, ತೆಗೆಯುವುದು, ಹಿಡಿಯುವುದು. ಈಗಲೂ ಬಸ್ಸಿನಲ್ಲಿ ಕೂತಾಗ ನನ್ನ ಬಲಗೈ ಸೆರಗಿನ ತುದಿಯನ್ನು ಹಿಡಿದು ಎತ್ತುತ್ತದೆ, ಇಳಿಸುತ್ತದೆ. ಪಕ್ಕದಲ್ಲಿ ಕೂತವರು ನೋಡಿದಾಗ ನಿಲ್ಲಿಸುತ್ತೇನೆ.

ಹಾವೇರಿಯಲ್ಲಿ ಹಾಸಿಗೆ ಇರಲಿಲ್ಲ. ಗೇಟಿನಲ್ಲಿದ್ದವರು ಒಳಗೆ ಹೋಗಿ ನೋಡಿ ಬಂದು, ಕೈ ಮುಗಿದರು. ಗಾಡಿ ತಿರುಗಿ ಹೆದ್ದಾರಿಗೆ ಬಂತು. ಮೋಟೆಬೆನ್ನೂರಿನ ಹತ್ತಿರ ನಮ್ಮೂರಿಗೆ ಹೋಗುವ ತಿರುವನ್ನು ದಾಟುವಾಗ ಅಕ್ಕ ಕಣ್ಣು ತೆರೆದು ಆ ಕಡೆ ನೋಡಿದಳು. ಮನೆಗೆ ಹೋಗುತ್ತಿದ್ದೇವೆ ಅಂದುಕೊಂಡಳೋ ಏನೋ. ರಾಣೆಬೆನ್ನೂರಿನ ಒಂದು ಆಸ್ಪತ್ರೆಯಲ್ಲಿ ಆಗಷ್ಟೇ ಒಂದು ಹಾಸಿಗೆ ತೆರವಾಗಿತ್ತು. ಹೇಗೆ ತೆರವಾಯಿತು ಎಂದು ನಾನು ಕೇಳಲಿಲ್ಲ.

ಒಳಗೆ ಬಿಡುತ್ತಿರಲಿಲ್ಲ. ದಿನಕ್ಕೊಮ್ಮೆ ಗಾಜಿನ ಕಿಟಕಿಯಿಂದ ನೋಡಬಹುದಿತ್ತು. ಮೂಗು ಬಾಯಿಗೆ ಮಾಸ್ಕು, ಕೈಗೆ ಸೂಜಿ, ವೈರಸ್ ವಿರುದ್ಧದ ಇಂಜೆಕ್ಷನ್ನು, ಅದರ ಮೇಲೆ ಇನ್ನೇನೋ. ನನ್ನನ್ನು ಕಂಡಾಗಲೆಲ್ಲ ಅಕ್ಕ ಕೈ ಎತ್ತಿ ಎರಡು ಬೆರಳು ತೋರಿಸುತ್ತಿದ್ದಳು. ಎರಡು ದಿನ ತಡವಾಯಿತು ಎಂದು ಡಾಕ್ಟರು ತೋರಿಸಿದ ಹಾಗೆಯೇ. ನನಗೆ ಹಾಗೇ ಅರ್ಥವಾಯಿತು. ನಾನು ಗಾಜಿನ ಈಚೆ ನಿಂತು ತಲೆ ತಗ್ಗಿಸಿ ಕೈ ಮುಗಿಯುತ್ತಿದ್ದೆ. ಅವಳು ಸಿಟ್ಟಿನಿಂದ ತಲೆಯಾಡಿಸಿ ಮತ್ತೆ ಎರಡು ಬೆರಳು ಎತ್ತುತ್ತಿದ್ದಳು.

ಆಸ್ಪತ್ರೆ ಸೇರಿದ ಒಂಬತ್ತನೇ ದಿನಕ್ಕೆ ಮನೆಗೆ ಕಳಿಸಿದರು. ಬದುಕಿದಳು ಎಂದು ಓಣಿಯೆಲ್ಲ ಮಾತಾಡಿತು. ಅವಳ ಜೊತೆ ಇನ್ನೂ ಏನೇನು ಮನೆಗೆ ಬಂದಿತ್ತು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಮೊದಲಿಗೆ ಬಾಯಿ. ತಿಂಗಳುಗಟ್ಟಲೆ ಹಿತ್ತಾಳೆ ನೆಕ್ಕಿದ ರುಚಿ. ಅದು ಆ ಮಾತ್ರೆಗಳದ್ದೇ ಎಂದು ಅವಳ ವಾದ. ಆಮೇಲೆ ಕೂದಲು ಬಾಚಣಿಕೆಯ ತುಂಬ ಬಂತು. ಬಚ್ಚಲಿಂದ ಪಡಸಾಲೆಗೆ ಬರುವಷ್ಟರಲ್ಲಿ ಎದೆ ಡವಗುಟ್ಟಿ ಗೋಡೆ ಹಿಡಿದು ಕೂರುತ್ತಿದ್ದಳು. ಮೂವತ್ತು ಹೆಂಗಸರ ಮನೆತನದ ಕತೆಯನ್ನೆಲ್ಲ ಬಾಯಲ್ಲಿಟ್ಟುಕೊಂಡಿದ್ದವಳು ಮಾತಿನ ನಡುವೆ ನಿಂತು, "ಅದಕ್ಕ ಏನಂತಾರ, ಅದು, ಅನ್ನ ಬಸಿಯೂದು" ಎಂದು ಕೈಯಾಡಿಸುತ್ತಿದ್ದಳು. ಮತ್ತು ಕೆಮ್ಮು. ಅದು ಹೋಗಲೇ ಇಲ್ಲ. ನಾಲ್ಕು ವರ್ಷದ ಮೇಲಾಯಿತು, ಹೋಗಿಲ್ಲ.

ರಾಣೆಬೆನ್ನೂರಿನ ಡಾಕ್ಟರ ಹತ್ತಿರ ನಾನು ಪ್ರತಿ ಸಲ ಒಂದು ಪಟ್ಟಿ ಬರೆದುಕೊಂಡು ಹೋಗುತ್ತಿದ್ದೆ. ಯಾವುದು ರೋಗದಿಂದ, ಯಾವುದು ಔಷಧದಿಂದ, ಯಾವುದು ವಯಸ್ಸಿನಿಂದ? ಅವರು ಪಟ್ಟಿ ಓದಿ ಕನ್ನಡಕ ತೆಗೆದಿಟ್ಟು, "ಬ್ಯಾರೆ ಬ್ಯಾರೆ ಮಾಡಿ ಹೇಳಾಕ ನನಗೂ ಆಗೂದಿಲ್ರಿ. ಹೊತ್ತು ಹೋದಂಗ ಕಡಿಮಿ ಆಗಬೇಕು. ಧೂಳಿಂದ ದೂರ ಇರ್ರಿ" ಎಂದರು.

"ತೊಟ್ಟ ಬಿಡಿಸಿದಂಗ ಬಿಡಿಸಾಕ ಬರೂದಿಲ್ಲನ್ರಿ ಹಂಗಾರ?" ಎಂದಳು ಅಕ್ಕ. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ನನಗೆ ಕೇಳಿಸಿದ್ದು ಒಂದೇ, ಧೂಳು.

ಎರಡು ಹಂಗಾಮು ನಾನು ಅವಳನ್ನು ಶೆಡ್ಡಿಗೆ ಬಿಡಲಿಲ್ಲ. ಎಲ್ಲರಿಗಿಂತ ಹಿರಿಯ ಕೆಲಸಗಾರ್ತಿ ಒಬ್ಬಳು ಶೆಡ್ಡು ನೋಡಿಕೊಂಡಳು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದೆ. ಅಡುಗೆಗೆ ಒಗ್ಗರಣೆ ಹಾಕುವುದನ್ನು ಬಿಟ್ಟೆ. ಉಸಿರು ಎಳೆದರೆ ಮೂರು ಚೆಂಡು ಮೇಲೇರುವ ಒಂದು ಡಬ್ಬಿಯನ್ನು ಆಸ್ಪತ್ರೆಯವರು ಕೊಟ್ಟಿದ್ದರು; ದಿನಕ್ಕೆ ಮೂರು ಹೊತ್ತು ಅದರ ಮುಂದೆ ಅವಳನ್ನು ಕೂರಿಸಿದೆ. ಶೆಡ್ಡಿನ ಹೆಂಗಸರು ಕೆಲಸ ಬಿಟ್ಟ ಮೇಲೆ ಮಾತಾಡಿಸಲು ಬಂದರೆ ಹೊಸ್ತಿಲ ಹೊರಗೇ ಸೆರಗು ಝಾಡಿಸಿ ಅಂಗಳದಲ್ಲೇ ಕೂರಬೇಕು.

"ಏನ್ರಿ ಅಕ್ಕಾರ, ಗೋಲಿ ಆಡಾಕತ್ತೀರೇನ ಈ ವಯಸ್ಸಿನ್ಯಾಗ?" ಎಂದು ಅವರು ಡಬ್ಬಿ ನೋಡಿ ಕಾಡುತ್ತಿದ್ದರು.

"ನಮ್ ಮೇಡಂ ಪರೀಕ್ಷೆ ಇಟ್ಟಾಳ. ಮೂರೂ ಚಂಡು ಏರಿದ್ರ ಪಾಸು," ಎಂದು ಅಕ್ಕ ಒಳಗಿನಿಂದ ಹೇಳುತ್ತಿದ್ದಳು. ಎರಡನೇ ಚೆಂಡು ಅರ್ಧಕ್ಕೆ ಏರಿ ನಡುಗಿ ಕೆಳಗೆ ಬೀಳುತ್ತಿತ್ತು. ಅವರು ಹೋದ ಮೇಲೆ ಅವಳು ಅಂಗಳದ ಕಡೆ ಮುಖ ಮಾಡಿ ಕೂತೇ ಇರುತ್ತಿದ್ದಳು. ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತ, ಇಲ್ಲದ ತೊಟ್ಟನ್ನು ಮುರಿಯುತ್ತಿತ್ತು.

ಅವಳು ಕೆಮ್ಮಿದಾಗ ನಾನು ಎಲ್ಲಿದ್ದರೂ ನಿಲ್ಲುತ್ತಿದ್ದೆ. ಇದು ಎಂಥದ್ದು? ಒಣಗಿದ್ದೋ, ಆಳದ್ದೋ? ಎಷ್ಟು ಸಲ? ಓಡಿ ಬಂದು ಬೆರಳಿಗೆ ಯಂತ್ರ ಸಿಕ್ಕಿಸುತ್ತಿದ್ದೆ. ತೊಂಬತ್ತಾರು, ತೊಂಬತ್ತೈದು. ಕಾಲೇಜಿನಲ್ಲಿ ಉಸಿರಾಟದ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಯಾರಾದರೂ ಕೆಮ್ಮಿದರೆ ಸೀಮೆಸುಣ್ಣ ಹಿಡಿದ ಕೈ ಬೋರ್ಡಿನ ಮೇಲೆಯೇ ಉಳಿಯುತ್ತಿತ್ತು. "ಮನಿಗೆ ಹೋಗ್ರಿ, ಪರೀಕ್ಷೆ ಮಾಡಸ್ರಿ" ಎನ್ನುತ್ತಿದ್ದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನನಗೂ ಆ ವರ್ಷ ಜ್ವರ ಬಂದು ಹೋಗಿತ್ತು, ಸಣ್ಣದಾಗಿ. ನನ್ನಲ್ಲಿ ಉಳಿದದ್ದು ಶ್ವಾಸಕೋಶದಲ್ಲಿರಲಿಲ್ಲ.

ಮೂರನೇ ಹಂಗಾಮಿನ ಫೆಬ್ರುವರಿಯಲ್ಲಿ ಒಂದು ಸಂಜೆ ಹಾವೇರಿಯಿಂದ ಮನೆಗೆ ಬಂದು ಅಕ್ಕನ ಪಕ್ಕದಲ್ಲಿ ಕೂತೆ. ನನಗೆ ಸೀನು ಬಂತು. ಇನ್ನೊಂದು ಬಂತು. ಕಣ್ಣಲ್ಲಿ ನೀರು. ಅವಳ ಸೀರೆ ಬೇರೆಯಿತ್ತು, ಮೈ ತೊಳೆದುಕೊಂಡಿದ್ದಳು, ಆದರೆ ಜಡೆಯಲ್ಲಿ ಘಾಟು ಹಾಗೇ ಇತ್ತು.

"ಯಾವಾಗಿಂದ?" ಎಂದು ಕೇಳಿದೆ.

ಅವಳು ಸುಳ್ಳು ಹೇಳಲು ಹೋಗಲಿಲ್ಲ. "ಸಂಕ್ರಾಂತಿ ಆದಮ್ಯಾಲಿಂದ. ನೀ ಬಸ್ಸ ಹತ್ತಿದ ಕೂಡ್ಲೆ ಹೋಗ್ತೀನಿ, ಮಧ್ಯಾಹ್ನಕ್ಕ ಬರ್ತೀನಿ. ಬಾಗಲ ಹತ್ರ ಗಾಳಿಗೆ ಕುಂದರ್ತೀನಿ."

"ಸಾಯಬೇಕಂತ ಮಾಡೀಯೇನ?"

"ಇಲ್ಲಿ ಕುಂತ್ರ ಸಾಯೂದಿಲ್ಲೇನ?" ದನಿ ಏರಿಸದೆ ಹೇಳಿದಳು. "ಎರಡು ವರ್ಷ ಆತು, ನೀ ನನ್ನ ಉಸರ ಎಣಿಸಾಕತ್ತಿ. ಒಂದ ಸಲ ಕೆಮ್ಮಿದ್ರ ಓಡಿ ಬರ್ತಿ. ನಿನ್ನ ಮಾರಿ ನೋಡಿ ನನಗ ಅಂಜಿಕಿ ಬರ್ತೈತಿ, ಅಂಜಿಕಿಗೆ ಮತ್ತ ಕೆಮ್ಮು ಬರ್ತೈತಿ."

ಆಗ ನಾನು ಅಷ್ಟು ದಿನ ಹೇಳದೇ ಇದ್ದದ್ದನ್ನು ಹೇಳಿದೆ. ನಾನು ಓದಿದವಳು. ನೀನು ಕೇಳಿದ್ದೆ, ಇದು ಅದಲ್ಲವಲ್ಲ ಎಂದು. ನಾನು ಘಾಟು ಅಂದೆ. ಸಾರಿಗೆ ಉಪ್ಪು ಹಾಕಿಕೊಟ್ಟೆ. ಎರಡು ದಿನ ಮುಂಚೆ ಮಾತ್ರೆ ಶುರುವಾಗಿದ್ದರೆ ಆ ಗಾಡಿಯಲ್ಲಿ ನಿನ್ನನ್ನು ಒಯ್ಯುವುದಿರಲಿಲ್ಲ. ಈ ಕೆಮ್ಮು ನಾನು ಕೊಟ್ಟದ್ದು. ಹೇಳುತ್ತ ಹೇಳುತ್ತ ಅತ್ತೆ.

ಅಕ್ಕ ನನ್ನನ್ನು ಸಮಾಧಾನ ಮಾಡಲಿಲ್ಲ. ಬೆರಳು ಉಜ್ಜುತ್ತ ಕೂತಿದ್ದಳು.

"ನೀ ಹೇಳಿದ್ದಕ್ಕ ನಾ ಸುಮ್ನ ಇದ್ದೆ ಅಂತ ತಿಳಕೊಂಡೀಯೇನ?" ಎಂದಳು. "ಹನ್ನೆರಡನೇ ವರ್ಷದಾಕಿ ಇದ್ದಾಗಿಂದ ಘಾಟಿನ್ಯಾಗ ಕುಂತೇನಿ. ಘಾಟಿನ ಕೆಮ್ಮು ನನಗ ಗೊತ್ತಾಗೂದಿಲ್ಲಾ? ಅದು ಬಂದ್ರ ಕಣ್ಣಾಗ ಮೂಗಿನ್ಯಾಗ ನೀರ ಇಳೀತಾವ. ಹೊರಗ ಹೋಗಿ ಗಾಳಿ ಕುಡದ್ರ ನಿಲ್ತೈತಿ. ಇದು ಒಣಾ ಇತ್ತು. ಮನಿಗೆ ಬಂದ್ರೂ ನಿಲ್ಲಲಿಲ್ಲ. ಎರಡನೇ ದಿನಾನ ನನಗ ಗೊತ್ತಾಗಿತ್ತು."

ನಾನು ಅಳುವುದನ್ನು ನಿಲ್ಲಿಸಿದೆ.

"ಮತ್ತ ನನ್ನ ಯಾಕ ಕೇಳಿದಿ?"

"ನೀ ಏನಂತಿ ನೋಡೂಣು ಅಂತ. ನೀ ಘಾಟ ಅಂದಿ. ನನಗೂ ಅಷ್ಟ ಬೇಕಾಗಿತ್ತು. ಮರದಿನಾ ಎಲ್ಲಾರಿಗೂ ಹೇಳಿದ್ನಿ, ನಮ್ ತಂಗಿ ನೋಡ್ಯಾಳ, ಘಾಟಂತ." ಅವಳು ನನ್ನ ಕಡೆ ನೋಡಲಿಲ್ಲ. "ಹೇಳಿದ್ರ ಶೆಡ್ಡಿಗೆ ಪಟ್ಟಿ ಕಟ್ಟಿ ಬಂದ್ ಮಾಡ್ತಿದ್ರು. ಮೂವತ್ತು ಮಂದಿ ಒಲಿ ಆರತಿತ್ತು. ನನ್ನ ಒಯ್ತಿದ್ರು, ಒಯ್ದವರು ಹೊಳ್ಳಿ ಬರಲಿಲ್ಲ ಅಂತ ದಿನಾ ಕೇಳತಿದ್ವಿ. ನಾಕ ದಿನ ತಡದ್ರ ರಾಶಿ ಮುಗೀತೈತಿ ಅಂದ್ಕೊಂಡೆ. ಸೆರಗ ಕಟ್ಕೊಂಡು ಕುಂತೆ. ಆ ಸಾರಿನ ಮಾತು ಮಾತ್ರ ಬಾಯಿ ತಪ್ಪಿ ಬಂತು. ಈಗ ಹಿಡೀತಾಳ, ನಮ್ ತಂಗಿ ಈಗ ಹಿಡೀತಾಳ ಅಂತ ನಿನ್ನ ಮಾರಿ ನೋಡಿದ್ನಿ. ನೀ ಉಪ್ಪ ಹಾಕಿದಿ."

ಆಸ್ಪತ್ರೆಯ ಗಾಜಿನ ಹಿಂದಿನ ಎರಡು ಬೆರಳಿನ ಅರ್ಥವನ್ನೂ ಅಂದು ಅವಳೇ ಹೇಳಿದಳು. ಅವಳು ದಿನ ಎಣಿಸುತ್ತಿರಲಿಲ್ಲ. ರಾಶಿಯಲ್ಲಿ ಅವಳ ಎಡಕ್ಕೆ ಒಬ್ಬಳು, ಬಲಕ್ಕೆ ಒಬ್ಬಳು ಕೂರುತ್ತಿದ್ದರು. ಅವರಿಬ್ಬರು ಹೇಗಿದ್ದಾರೆ ಎಂದು ಕೇಳುತ್ತಿದ್ದಳು. ಇಬ್ಬರಿಗೂ ಜ್ವರ ಬಂದಿತ್ತು. ಇಬ್ಬರೂ ಎದ್ದರು. ಬಲಕ್ಕೆ ಕೂರುವವಳಿಗೆ ಈಗಲೂ ಸಾರಿನ ವಾಸನೆ ತಿಳಿಯುವುದಿಲ್ಲ. ಅದನ್ನು ಆಕೆ ತಮಾಷೆ ಮಾಡಿಕೊಂಡು ಹೇಳುತ್ತಾಳೆ, ಅಕ್ಕ ಆಗ ಎದ್ದು ಒಳಗೆ ಹೋಗುತ್ತಾಳೆ. ಯಾಕೆ ಹೋಗುತ್ತಾಳೆಂದು ಶೆಡ್ಡಿನಲ್ಲಿ ಯಾರಿಗೂ ಗೊತ್ತಿಲ್ಲ.

ನನ್ನ ತಪ್ಪು ಹಗುರವಾಯಿತೇ ಎಂದು ಯಾರಾದರೂ ಕೇಳಬಹುದು. ಆಗಲಿಲ್ಲ. ಮೊದಲು ಒಂದು ತಪ್ಪು ಇತ್ತು, ಈಗ ಅದರ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತು. ಅದಕ್ಕಿಂತ ಕೆಟ್ಟದ್ದು ಬೇರೆ. ಅಲ್ಲಿಯ ತನಕ ನನ್ನ ಕಿವಿಯನ್ನು ನಾನು ನಂಬುತ್ತಿರಲಿಲ್ಲ. ಈಗ ಅವಳ ಬಾಯನ್ನೂ ನಂಬುವ ಹಾಗಿರಲಿಲ್ಲ. "ಆರಾಮದೀನಿ" ಎಂದು ಅವಳು ಅಂದಾಗಲೆಲ್ಲ, ಎರಡನೇ ದಿನವೂ ಗೊತ್ತಿದ್ದೇ ಮುಚ್ಚಿಟ್ಟಿದ್ದಳಲ್ಲ ಎಂದು ನೆನಪಾಗುತ್ತಿತ್ತು.

ಒಂದು ವಾರ ಮಾತು ಕಡಿಮೆಯಾಯಿತು. ಆಮೇಲೆ ನಾನೇ ಹೇಳಿದೆ, ಶೆಡ್ಡಿಗೆ ಹೋಗು, ಆದರೆ ಏನಾದರೂ ಆದರೆ ಅದೇ ದಿನ ನನಗೆ ಹೇಳು. ನಾನು ಕೇಳುವುದಿಲ್ಲ, ಬೆರಳು ಹಿಡಿಯುವುದಿಲ್ಲ. ನೀನಾಗಿ ಹೇಳಬೇಕು. ಅವಳು ಒಪ್ಪಿದಳು. ಮೂಗಿಗೆ ದಪ್ಪ ಮಾಸ್ಕು ಕಟ್ಟಿ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಜೀವನದಲ್ಲಿ ಮೊದಲ ಸಲ ಮಾಲಕಿಯ ಹಾಗೆ ಕೂತಳು. ಹೆಂಗಸರು ಅವಳಿಗೆ ಸಾಹೇಬ್ರ ಎಂದು ಹೆಸರಿಟ್ಟರು. ಸಂಜೆ ಬಂದಾಗ ಅವಳ ಮುಖದಲ್ಲಿ ಬೆಳಕಿರುತ್ತಿತ್ತು. ಕೆಮ್ಮು ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಮಾತಿನ ನಡುವೆ ಶಬ್ದ ತಪ್ಪಿದರೆ ಮೂವತ್ತು ಬಾಯಿ ಒಮ್ಮೆಲೇ ಹೇಳಿಕೊಡುತ್ತಿದ್ದವು. ನಾನು ಬಾಯಿ ಮುಚ್ಚಿಕೊಂಡು ಕಾಯುವುದನ್ನು ಕಲಿಯುತ್ತ ಇದ್ದೆ.

ಈ ವರ್ಷ ಮಾರ್ಚಿನಲ್ಲಿ ನಾನು ಹಾವೇರಿಯಲ್ಲಿ ಪರೀಕ್ಷೆಯ ಕೆಲಸದಲ್ಲಿದ್ದಾಗ ಫೋನು ಬಂತು. ಅವಳು ಹಗಲು ಹೊತ್ತು ನನಗೆ ಫೋನು ಮಾಡುವುದಿಲ್ಲ.

"ಮುಂಜಾನಿಂದ ಮೈ ಬೆಚ್ಚಗೈತಿ," ಎಂದಳು. "ಕೆಮ್ಮು ಬ್ಯಾರೆ ಆಗೇತಿ. ಹೇಳು ಅಂದಿದ್ದಿ, ಹೇಳೇನಿ."

ಮುಖ್ಯಸ್ಥರನ್ನು ಕೇಳಿಕೊಂಡು ಹೊರಟೆ. ಬ್ಯಾಡಗಿಗೆ ಬಂದು ಅವಳನ್ನು ಕರೆದುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಕಂಡಕ್ಟರಿಗೆ ಇಬ್ಬರ ಆಧಾರ್ ಕಾರ್ಡು ತೋರಿಸಿದೆ. ದಾರಿಯುದ್ದಕ್ಕೂ ನಾನು ಅವಳ ಬೆರಳು ಹಿಡಿಯಲಿಲ್ಲ. ಸೆರಗಿನ ತುದಿಯನ್ನು ಮಾತ್ರ ಹಿಡಿದುಕೊಂಡಿದ್ದೆ.

ಡಾಕ್ಟರು ಎದೆಯ ಮೇಲೆ, ಬೆನ್ನ ಮೇಲೆ ಸ್ಟೆತಾಸ್ಕೋಪು ಇಟ್ಟು ಆಲಿಸಿದರು. ಮೂಗಿನಿಂದ ತೆಗೆದು ಪರೀಕ್ಷೆಗೆ ಹಾಕಿದರು; ಅದಲ್ಲ ಎಂದು ಬಂತು. ಹವೆಯ ಜ್ವರ, ಮೂರು ದಿನಕ್ಕೆ ಇಳಿಯುತ್ತದೆ ಎಂದರು.

"ಎಷ್ಟು ದಿನಾತ್ರಿ ಶುರುವಾಗಿ?"

ಅಕ್ಕ ನನ್ನ ಕಡೆ ನೋಡದೆ, "ನಿನ್ನೆ ಮಧ್ಯಾಹ್ನದಿಂದ್ರಿ" ಎಂದಳು.

ಮಾತ್ರೆ ತೆಗೆದುಕೊಂಡು, ತಿರುಗಿ ಬ್ಯಾಡಗಿ ಬಸ್ಸಿನಲ್ಲಿ ಕೂತೆವು. ಊರು ದಾಟಿ ಹೊಲಗಳು ಶುರುವಾದ ಮೇಲೆ ಅವಳೇ ಬಾಯಿ ಬಿಟ್ಟಳು.

"ನಿನ್ನೆ ರಾತ್ರಿ ನಿನ್ನ ಮುಂದ ಪೇಪರ್ ಗಂಟು ಇತ್ತು. ಯಾಕ ಕಾಡಲಿ ಅಂತ ಬಿಟ್ಟೆ."

"ಅದೇ ದಿನ ಹೇಳಬೇಕಂತ ಮಾತಾಗಿತ್ತು."

"ಅರ್ಧಾ ದಿನ ಆಗೇತಿ ಅಷ್ಟ. ನಾಕ ದಿನದಿಂದ ಅರ್ಧಾ ದಿನಕ್ಕ ಇಳದೇನಿ, ಶಾಬಾಸ್ ಅನ್ನು."

ನನಗೆ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಅವಳೂ ನಕ್ಕಳು. ನಕ್ಕದ್ದು ಕೆಮ್ಮಾಗಿ, ಅವಳು ಮುಂದಿನ ಸೀಟಿನ ಕಂಬಿ ಹಿಡಿದು ಬಾಗಿದಳು. ಅದು ಮುಗಿಯುವ ತನಕ ಇಬ್ಬರೂ ಕಾದೆವು. ಮುಗಿದ ಮೇಲೆ ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮುರಿದೆ.

"ಅಕ್ಕಾ, ಇನ್ನೂ ಏನರ ಐತೇನ, ನನಗ ಹೇಳದ್ದು?"

ಅವಳು ತಕ್ಷಣ ಇಲ್ಲ ಎನ್ನಲಿಲ್ಲ. ಅದೇ ನನ್ನನ್ನು ಹೆದರಿಸಿತು. ಒಂದು ಊರಿನ ಸ್ಟಾಪು ಬಂದು ಜನ ಹತ್ತಿದರು, ಬಸ್ಸು ಮತ್ತೆ ಹೊರಟಿತು. ಅವಳು ಎಡಗೈಯನ್ನು ತೊಡೆಯ ಮೇಲೆ ಮಗುಚಿ ಇಟ್ಟು, ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

"ಈ ಕೈ ಜೋಮ ಹಿಡೀತೈತಿ. ಎದೀ ಡವಡವ ಅನ್ನೂದು ಶುರುವಾದ್ರ ಇದೂ ಶುರು. ಹದಿನೈದು ದಿನ ಆಗ್ಯಾವ." ತಾನೇ ತಿದ್ದಿದಳು, "ಹದಿನೈದಲ್ಲ. ತಿಂಗಳಾತು."

ನಾನು ಎದ್ದು ನಿಂತು ಬಸ್ಸು ನಿಲ್ಲಿಸಲು ಕೂಗಿದೆ. ಕಂಡಕ್ಟರು ಬೈದುಕೊಳ್ಳುತ್ತ ಸೀಟಿ ಊದಿದ. ಮುಂದಿನ ಸ್ಟಾಪಿನಲ್ಲಿ ಇಳಿದೆವು. ರಸ್ತೆಯ ಆಚೆ ಬದಿಗೆ ದಾಟಿ, ಬೇವಿನ ಗಿಡದ ಅರ್ಧ ನೆರಳಿನಲ್ಲಿ ರಾಣೆಬೆನ್ನೂರಿನ ಬಸ್ಸಿಗೆ ನಿಂತೆವು. ಬಿಸಿಲು ಇನ್ನೂ ಇಳಿದಿರಲಿಲ್ಲ. ಅಕ್ಕ ನನ್ನ ಭುಜಕ್ಕೆ ಮೈ ಒರಗಿಸಿ ನಿಂತಿದ್ದಳು. ನಾನು ಅವಳ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ತಿಕ್ಕುತ್ತಿದ್ದೆ, ಅದು ತಣ್ಣಗಿತ್ತು.

"ಇವತ್ತ ಹೋಗೂದು ಬ್ಯಾಡ ಅನ್ನೂದಿಲ್ಲ ನಾನು," ಎಂದಳು. "ಬಸ್ಸರ ಪುಕ್ಕಟ ಐತಿ."

ದೂರದಲ್ಲಿ ಬಸ್ಸು ಕಂಡಿತು. ನಾನು ರಸ್ತೆಯ ನಡುವಿಗೇ ಹೋಗಿ ಕೈ ಅಡ್ಡ ಹಿಡಿದೆ.